ಹನ್ನೆರಡನೆಯ ಹೆಸರು

ಏಳು ಗುಡ್ಡ ದಾಟಿದರೆ ಸಿಗುವ ಒಂದು ಸೀಮೆಯಲ್ಲಿ ಒಬ್ಬ ಅರಸನಿದ್ದನಂತೆ. ಅವನ ಲಾಯದಲ್ಲಿ ಒಂದು ಬಿಳಿ ಕುದುರೆ ಇತ್ತಂತೆ. ಕೋಟೆ ಕಟ್ಟಲು ಜನ ಸಾಲದೆ ಅವನು ಡಂಗುರ ಹೊಡೆಸಿದನಂತೆ, ಕಲ್ಲು ಹೊತ್ತವರಿಗೆಲ್ಲ ನನ್ನ ಕುದುರೆಯ ಮೇಲೆ ಒಂದು ಸುತ್ತು ಎಂದು. ಹನ್ನೆರಡು ಹುಡುಗಿಯರು ಬಂದರು. ಕೋಟೆ ಎದ್ದಿತು. ಹನ್ನೊಂದು ಮಂದಿ ಕುದುರೆ ಹತ್ತಿ ಇಳಿದರು.

"ಮತ್ತೆ ಹನ್ನೆರಡನೆಯವಳು?" ಎಂದು ಹರ್ಷಿತಾ ಕೇಳುವ ಹೊತ್ತಿಗೆ ಅಜ್ಜಿಯ ಕೈಯ ಬೀಡಿಯ ನೂಲು ತುಂಡಾಯಿತು. ಪೂವಮ್ಮ ಮಡಿಲ ಮೊರದಿಂದ ಇನ್ನೊಂದು ಎಲೆ ಎತ್ತಿಕೊಂಡು ಬೆರಳಲ್ಲಿ ಸುರುಳಿ ಸುತ್ತಿದರು. "ಅವಳು ಲಾಯದ ಬಾಗಿಲಲ್ಲಿ ನಿಂತಿದ್ದಾಳೆ ಮಗಾ. ಅರಸು ಮಾತು ಕೊಟ್ಟಿದ್ದಾನಲ್ಲ. ಇವತ್ತಲ್ಲದಿದ್ರೆ ನಾಳೆ."

ನಾಳೆ ಕಲ್ಲಡ್ಕದ ಹತ್ತಿರದ ಒಂದು ಶಾಲೆಯ ಮೈದಾನದಲ್ಲಿ ತಾಲೂಕು ಮಟ್ಟದ ಖೋ-ಖೋ ಇತ್ತು. ಹರ್ಷಿತಾ ಅಜ್ಜಿಗಾಗಿ ಎಲೆ ಕತ್ತರಿಸುತ್ತ ಕುಳಿತಳು.

ಅವಳಿಗೂ ಒಬ್ಬರು ಮಾತು ಕೊಟ್ಟಿದ್ದರು. ಪುಂಜಾಲಕಟ್ಟೆಯಿಂದ ಒಳಕ್ಕಿರುವ ಅವಳ ಪ್ರೌಢಶಾಲೆಯಲ್ಲಿ ಹುಡುಗಿಯರೇ ಕಡಿಮೆ. ಖೋ-ಖೋ ಪಂದ್ಯದಲ್ಲಿ ಒಂದು ತಂಡದಿಂದ ಆಡುವುದು ಒಂಬತ್ತು ಮಂದಿ. ಆದರೆ ಅಭ್ಯಾಸಕ್ಕೆ ಹನ್ನೆರಡು ಮಂದಿ ಬೇಕೇ ಬೇಕು. ನಡುವಿನ ಚೌಕಗಳಲ್ಲಿ ಕೂರಲು ಎಂಟು, ಅಟ್ಟಿಸಿಕೊಂಡು ಹೋಗಲು ಒಬ್ಬಳು, ತಪ್ಪಿಸಿಕೊಂಡು ಓಡಲು ಮೂವರು. ಒಬ್ಬಳು ಕಡಿಮೆಯಾದರೂ ಅಭ್ಯಾಸ ಸಾಗುವುದಿಲ್ಲ. ಜೂನ್ ತಿಂಗಳಲ್ಲಿ ಆಟದ ಟೀಚರ್ ದೀಪಶ್ರೀ ಹತ್ತನೆಯ ತರಗತಿಯ ಬಾಗಿಲಲ್ಲಿ ನಿಂತು, ದಿನಾ ಬೆಳಿಗ್ಗೆ ಎಂಟಕ್ಕೆ ಬರುವವರನ್ನೆಲ್ಲ ಒಂದು ಇನ್ನಿಂಗ್ಸಿಗಾದರೂ ಅಂಕಣಕ್ಕೆ ಇಳಿಸುತ್ತೇನೆ ಎಂದಿದ್ದರು. ಹನ್ನೊಂದು ಕೈ ಎದ್ದಿದ್ದವು. ಹನ್ನೆರಡನೆಯದು ಹರ್ಷಿತಾಳದು.

ತಾನು ನಿಧಾನ ಎಂದು ಅವಳಿಗೆ ಗೊತ್ತಿತ್ತು. ನೇರ ಓಡುವಾಗ ಪರವಾಗಿಲ್ಲ, ಕಂಬದ ಹತ್ತಿರ ತಿರುಗುವಾಗ ಕಾಲು ಒಂದು ಹೆಜ್ಜೆ ಮುಂದೆ ಜಾರಿಬಿಡುತ್ತಿತ್ತು. ತಿರುಗುವಷ್ಟರಲ್ಲಿ ಎದುರಿನವಳು ಆಚೆ ಬದಿಯಲ್ಲಿರುತ್ತಿದ್ದಳು. ಆದರೂ ಒಂದು ದಿನ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಬಂದು, ತೂತು ಮಾಡಿದ ಹಾಲಿನಪುಡಿಯ ಡಬ್ಬದಲ್ಲಿ ಸುಣ್ಣ ತುಂಬಿ ಗೆರೆ ಎಳೆಯುತ್ತಿದ್ದಳು. ಅವಳಷ್ಟು ನೇರವಾಗಿ ಗೆರೆ ಎಳೆಯುವವರು ಶಾಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ಟೀಚರ್ ಹೊಗಳುತ್ತಿದ್ದರು. ಬೆಲ್ ಆಗುವ ಹೊತ್ತಿಗೆ ಎಲ್ಲರ ಕಾಲಡಿ ಸಿಕ್ಕಿ ಗೆರೆಗಳು ಮಾಸಿರುತ್ತಿದ್ದವು.

ದೀಪಶ್ರೀ ಟೀಚರ್ ಹತ್ತಿರ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. ಪ್ರತಿ ಪಂದ್ಯದ ನಂತರ ಅದರಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಎಷ್ಟು ಮಂದಿಯನ್ನು ಔಟ್ ಮಾಡಿದರು ಎಂದು ಬರೆಯುತ್ತಿದ್ದರು. ಆಡದವರ ಮುಂದೆ ಒಂದು ಅಡ್ಡಗೆರೆ. ಉಳಿದ ಇಬ್ಬರು ಬದಲಿಯವರಿಗೆ ಹೋಬಳಿ ಮಟ್ಟದಲ್ಲೇ ಅವಕಾಶ ಸಿಕ್ಕಿ ಅಂಕೆಗಳು ಬಂದವು. ಹನ್ನೆರಡನೆಯ ಹೆಸರಿನ ಮುಂದೆ ಅಡ್ಡಗೆರೆಯ ಪಕ್ಕ ಅಡ್ಡಗೆರೆ ಬೀಳುತ್ತ ಹೋಯಿತು.

ಕಲ್ಲಡ್ಕದ ಫೈನಲ್‌ನಲ್ಲಿ ಕೊನೆಯ ಇನ್ನಿಂಗ್ಸ್ ಶುರುವಾಗುವಾಗ ಅವರ ತಂಡ ಆರು ಅಂಕ ಮುಂದಿತ್ತು. ಟೀಚರ್ ಹಿಂದೆ ತಿರುಗಿ, "ಹರ್ಷಿತಾ, ಲೇಸ್ ಕಟ್ಟು" ಎಂದರು. ಅವಳು ಎರಡು ಗಂಟು ಹಾಕಿ ಕಟ್ಟಿದಳು. ಅಷ್ಟರಲ್ಲಿ ಹೆಡ್ ಮಾಸ್ಟ್ರು ಅಭಯಚಂದ್ರರು ಛತ್ರಿ ಮಡಚುತ್ತ ಹತ್ತಿರ ಬಂದರು. ಗದರುವ ಮನುಷ್ಯರಲ್ಲ. ಆ ದಿನವೂ ಮೆಲ್ಲಗೆ ಹೇಳಿದರು.

"ಈಗ ಬೇಡ ಟೀಚರ್. ಜಿಲ್ಲಾ ಮಟ್ಟಕ್ಕೆ ಮೂಡುಬಿದಿರೆಗೆ ಕಾಲೇಜಿನವರು ಆಟ ನೋಡಿ ಸೀಟ್ ಕೊಡ್ಲಿಕ್ಕೆ ಬರ್ತಾರೆ. ಅನಿಷಾನ ಹಾಗಿದ್ದ ಮಕ್ಕಳ ದಾರಿ ನಾವು ಮುಚ್ಚುದು ಬೇಡ. ಇವಳಿಗೆ ಹೇಗೂ ಸರ್ಟಿಫಿಕೇಟ್ ಸಿಗ್ತದಲ್ಲ."

ಅನಿಷಾ ತಂಡದ ನಾಯಕಿ. ಅವಳು ಕಂಬ ಹಿಡಿದು ತಿರುಗಿದರೆ ಗಾಳಿಗೂ ಹಿಡಿಯಲು ಸಿಗುತ್ತಿರಲಿಲ್ಲ. ಹೆಡ್ ಮಾಸ್ಟ್ರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದೀಪಶ್ರೀ ಟೀಚರ್ ಅಂಕಣದ ಕಡೆ ಮುಖ ಮಾಡಿದರು. ಇನ್ನಿಂಗ್ಸಿನ ಏಳು ನಿಮಿಷ ಅವರು ಹಿಂದೆ ತಿರುಗಲಿಲ್ಲ. ಹರ್ಷಿತಾ ಏಳು ನಿಮಿಷವೂ ಗೆರೆಯ ಪಕ್ಕ ನಿಂತೇ ಇದ್ದಳು. ಶಿಳ್ಳೆ ಊದಿದಾಗ ತಂಡ ನಾಲ್ಕು ಅಂಕದಿಂದ ಗೆದ್ದಿತ್ತು. ಅವಳು ನೀರಿನ ಬಾಟಲಿಗಳನ್ನು ಎತ್ತಿಕೊಂಡು ಎಲ್ಲರ ಹತ್ತಿರ ಓಡಿದಳು. ಫೋಟೋದಲ್ಲಿ ಕಪ್‌ನ ಒಂದು ಹಿಡಿ ಅವಳ ಕೈಯಲ್ಲೇ ಇದೆ.

"ಕುದುರೆ ಹತ್ತಿದ್ಯಾ ಮಗಾ?" ಎಂದು ಸಂಜೆ ಪೂವಮ್ಮ ಕೇಳಿದರು.

"ಮೂಡುಬಿದಿರೆಯಲ್ಲಿ, ಅಜ್ಜಿ."

ಮೂಡುಬಿದಿರೆಯ ಮೈದಾನ ದೊಡ್ಡದು. ಅಲ್ಲಿ ಗೆರೆ ಎಳೆಯಲು ಚಕ್ರದ ಗಾಡಿ ಇತ್ತು. ಹರ್ಷಿತಾಳಿಗೆ ಆ ಕೆಲಸವೂ ಇರಲಿಲ್ಲ. ಸೆಮಿಫೈನಲ್‌ನ ಅರ್ಧದಲ್ಲಿ ಒಬ್ಬಳ ಪಾದ ಹೊರಳಿತು. ಟೀಚರ್ ಬೆಂಚಿನ ಕಡೆ ತಿರುಗಿದರು. ಹರ್ಷಿತಾ ಎದ್ದೇ ಬಿಟ್ಟಿದ್ದಳು. ಟೀಚರ್ ಕೈ ಮಾಡಿ ಕರೆದದ್ದು ಅವಳ ಪಕ್ಕದವಳನ್ನು. ಎದ್ದವಳು ಹಾಗೆಯೇ ಕೂರಲಾರದೆ, ಬಾಟಲಿಯ ಮುಚ್ಚಳ ತಿರುಗಿಸಿ ನೀರು ಕುಡಿದಳು. ತಂಡ ಒಂದು ಅಂಕದಿಂದ ಸೋತಿತು. ಅಲ್ಲಿಗೆ ಆ ವರ್ಷದ ಆಟ ಮುಗಿಯಿತು. ಹತ್ತನೆಯವರಿಗೆ ಶಾಲೆಯ ಆಟವೇ ಮುಗಿಯಿತು.

ಬಂಟ್ವಾಳಕ್ಕೆ ಬರುವ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಅನಿಷಾ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದಳು; ಕಾಲೇಜಿನವರು ಅವಳ ಹೆಸರನ್ನೂ ತಂದೆಯ ನಂಬರನ್ನೂ ಬರೆದುಕೊಂಡಿದ್ದರು, ಅದರ ಖುಷಿ ಮುಖದಲ್ಲಿರಲಿಲ್ಲ. ಸಿದ್ಧಕಟ್ಟೆ ದಾಟಿದ ಮೇಲೆ ಹರ್ಷಿತಾ ಕಂಬಿ ಹಿಡಿದುಕೊಂಡು ಮುಂದಿನ ಸೀಟಿಗೆ ಬಂದಳು. ಕೈಯಲ್ಲಿ ಸರ್ಟಿಫಿಕೇಟ್ ಇತ್ತು.

"ಟೀಚರ್, ಇದು ನೀವೇ ಇಟ್ಕೊಳ್ಳಿ."

"ಎಂತಕ್ಕೆ? ನಿನ್ನ ಹೆಸರು ತಪ್ಪಾಗಿದ್ಯಾ?"

"ಹೆಸರು ಸರಿ ಉಂಟು." ಅವಳು ಕಾಗದವನ್ನು ಬೆಳಕಿಗೆ ಹಿಡಿದಳು. "ಅಜ್ಜಿಗೆ ಓದ್ಲಿಕ್ಕೆ ಬರುದಿಲ್ಲ. ನಾನೇ ಓದಿ ಹೇಳ್ಬೇಕು. ಇದರಲ್ಲಿ ಭಾಗವಹಿಸಿರುತ್ತಾರೆ ಅಂತ ಉಂಟು. ಅದನ್ನು ನಾನು ಹೇಗೆ ಓದುದು ಟೀಚರ್?"

ದೀಪಶ್ರೀ ಟೀಚರ್ ಕಾಗದವನ್ನು ಕೈಗೆ ತೆಗೆದುಕೊಂಡರು. ತಂಡದಲ್ಲಿದ್ದರೆ ಭಾಗವಹಿಸಿದ ಹಾಗೆಯೇ, ನೀನಿಲ್ಲದಿದ್ದರೆ ಅಭ್ಯಾಸವೇ ಆಗುತ್ತಿರಲಿಲ್ಲ ಎಂದೆಲ್ಲ ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದರು. ಹುಡುಗಿ ಅಳುತ್ತಿದ್ದರೆ ಸುಲಭವಿತ್ತು. ಅವಳು ಅಳುತ್ತಿರಲಿಲ್ಲ. ಟೀಚರ್ ಸರ್ಟಿಫಿಕೇಟನ್ನು ನೀಲಿ ಪುಸ್ತಕದೊಳಗೆ ಇಟ್ಟುಕೊಂಡರು.

ಸೋಮವಾರ ಸಂಜೆ ಬೆಲ್ ಆದ ಮೇಲೆ ಹನ್ನೆರಡು ಮಂದಿಯೂ ಮೈದಾನಕ್ಕೆ ಬರಬೇಕೆಂದು ಟೀಚರ್ ಚೀಟಿ ಕಳಿಸಿದರು. ಹರ್ಷಿತಾ ಯಾರೂ ಹೇಳದೆಯೇ ಡಬ್ಬ ತಂದು ಗೆರೆ ಎಳೆದಳು. ಉಳಿದವರು ಯೂನಿಫಾರ್ಮ್‌ನಲ್ಲೇ, ಬಸ್ಸು ತಪ್ಪುತ್ತದೆಂದು ಗೊಣಗುತ್ತ ಬಂದರು. "ಕಪ್ ಯಾರಿಗೆ ಟೀಚರ್?" ಎಂದು ಒಬ್ಬಳು ಕೇಳಿದ್ದಕ್ಕೆ ಎರಡು ಮೂರು ಮಂದಿ ನಕ್ಕರು. ಆಫೀಸಿಗೆ ಬೀಗ ಹಾಕಿ ಹೊರಟಿದ್ದ ಹೆಡ್ ಮಾಸ್ಟ್ರು ಸ್ಕೂಟರ್ ನಿಲ್ಲಿಸಿದರು.

"ಸೀಸನ್ ಮುಗೀತಲ್ಲ ಟೀಚರ್?"

"ಒಂದು ಇನ್ನಿಂಗ್ಸ್ ಬಾಕಿ ಉಂಟು ಸರ್."

ಅವರು ಸುಣ್ಣದ ಗೆರೆಗಳನ್ನು ನೋಡಿದರು, ಲೇಸ್ ಕಟ್ಟುತ್ತಿದ್ದ ಹುಡುಗಿಯನ್ನು ನೋಡಿದರು. ಆಮೇಲೆ ಸ್ಕೂಟರ್ ಚಾಲೂ ಮಾಡಿದರು.

ಎಂಟು ಮಂದಿ, ಪಾದ ಹೊರಳಿದ್ದವಳೂ ಸೇರಿ, ಚೌಕಗಳಲ್ಲಿ ಕುಳಿತರು. ಅಟ್ಟುವವಳು ಹರ್ಷಿತಾ. ಶಿಳ್ಳೆ ಊದಿ ಇನ್ನೂ ಅರ್ಧ ನಿಮಿಷವಾಗಿರಲಿಲ್ಲ, ಓಡುತ್ತಿದ್ದ ಮೂವರಲ್ಲಿ ಒಬ್ಬಳು ಕಂಬದ ಹತ್ತಿರ ನಿಧಾನಿಸಿ ಹೆಗಲನ್ನು ಕೈಗೆ ಸಿಗುವಂತೆ ಬಾಗಿಸಿದಳು. ಔಟ್. ಕುಳಿತವರೆಲ್ಲ ಚಪ್ಪಾಳೆ ತಟ್ಟಿದರು. ಎರಡನೆಯವಳು ಹಿಂದೆ ನೋಡಿ ನಗುತ್ತ, ಪುಟ್ಟ ಮಗುವನ್ನು ಆಡಿಸುವಾಗ ಓಡುವ ಹಾಗೆ ಓಡಿದಳು. ಔಟ್. ಮತ್ತೆ ಚಪ್ಪಾಳೆ. ಹರ್ಷಿತಾಳ ಕೈ ಮುಟ್ಟಿದ ಜಾಗದಲ್ಲೇ ಗಾಳಿಯಲ್ಲಿ ನಿಂತುಬಿಟ್ಟಿತು.

ಉಳಿದವಳು ಅನಿಷಾ. "ನೀನೂ ಹಾಗೇ ಮಾಡ್ತೀಯಾ?" ಎಂದು ಹರ್ಷಿತಾ ಕೇಳಿದಳು. ಅನಿಷಾ ಜಡೆಯನ್ನು ಎತ್ತಿ ಬಿಗಿಯಾಗಿ ಕಟ್ಟಿಕೊಂಡಳು.

ಮತ್ತೆ ಅವಳು ಮೂಡುಬಿದಿರೆಯಲ್ಲಿ ಓಡಿದ ಹಾಗೆಯೇ ಓಡಿದಳು. ಹರ್ಷಿತಾ ಖೋ ಕೊಟ್ಟು ಕುಳಿತಳು, ಖೋ ಸಿಕ್ಕಿದಾಗ ಎದ್ದಳು, ಮತ್ತೆ ಕೊಟ್ಟಳು, ಮತ್ತೆ ಎದ್ದಳು. "ಸಿಕ್ಕು ಮಾರಾಯ್ತಿ, ಬಸ್ಸು ಉಂಟು" ಎಂದು ಚೌಕದಿಂದ ಒಬ್ಬಳು ಅನಿಷಾಗೆ ಮೆಲ್ಲಗೆ ಹೇಳಿದಳು. ಅನಿಷಾ ಸಿಗಲಿಲ್ಲ. ಈಗ ಯಾರೂ ನಗುತ್ತಿರಲಿಲ್ಲ. ಕುಳಿತವರ ಬೆನ್ನುಗಳೂ ನೆಟ್ಟಗಾದವು. ಮಣ್ಣಿನ ಮೇಲೆ ಕಾಲುಗಳ ಸದ್ದು, ಎರಡು ಉಸಿರು, ಅಷ್ಟೇ. ಕೊನೆಯ ಸಲ ಹರ್ಷಿತಾ ಕಂಬಕ್ಕೆ ಕೈ ಕೊಟ್ಟು ತಿರುಗಿದಾಗ ಕಾಲು ಜಾರಲಿಲ್ಲ. ಅವಳು ಮೈಯನ್ನೇ ಮುಂದೆ ಎಸೆದಳು. ಅನಿಷಾಳ ಬೆನ್ನಿಗೂ ಅವಳ ಬೆರಳಿಗೂ ಒಂದು ಗೇಣಿನ ಅಂತರವಿತ್ತು. ಅವಳು ಮಣ್ಣಿಗೆ ಬಿದ್ದಳು. ಸಮಯ ಮುಗಿದ ಶಿಳ್ಳೆ.

ಅನಿಷಾ ವಾಪಸು ಬಂದು ಕೈ ಚಾಚಿದಳು. ಹರ್ಷಿತಾ ಆ ಕೈ ಹಿಡಿದು ಎದ್ದಳು.

ಬಸ್ಸಿನ ಹಾರ್ನ್ ಕೇಳಿ ಉಳಿದವರು ಬ್ಯಾಗು ಎತ್ತಿಕೊಂಡು ಓಡಿದ್ದರು. ದೀಪಶ್ರೀ ಟೀಚರ್ ನೀಲಿ ಪುಸ್ತಕ ಬಿಡಿಸಿ, ಒಳಗಿದ್ದ ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟರು. ಪೆನ್ನಿನ ಮುಚ್ಚಳ ತೆಗೆದು, "ಎರಡು ಔಟ್" ಎಂದರು.

"ಆ ಎರಡು ಬರೀಬೇಡಿ ಟೀಚರ್."

ಟೀಚರ್ ತಲೆ ಎತ್ತಿದರು. ಹುಡುಗಿಯ ಮೊಣಕಾಲಲ್ಲಿ ರಕ್ತಕ್ಕೆ ಸುಣ್ಣ ಮೆತ್ತಿಕೊಂಡಿತ್ತು. ಅದನ್ನು ಒರೆಸದೆ ಅವಳು ಪುಟವನ್ನೇ ನೋಡುತ್ತಿದ್ದಳು. ಟೀಚರ್ ಹನ್ನೆರಡನೆಯ ಹೆಸರಿನ ಸಾಲಿಗೆ ಬಂದು, ಅಡ್ಡಗೆರೆಗಳು ಮುಗಿದ ಕಡೆ, ದುಂಡಗೆ ಒಂದು ಸೊನ್ನೆ ಬರೆದರು.