ಸೋಮ, ಬುಧ, ಶುಕ್ರ

ಬುಧವಾರ ಬೆಳಿಗ್ಗೆ ಎಂಟಕ್ಕೆ ಮುಕ್ತಾ ನೀರಿನ ಬಾಟಲಿ, ಮಾತ್ರೆ ಹಿಡಿದು ಮುಂಬೈ ಹತ್ತಿರದ ಠಾಕುರ್ಲಿ ಸ್ಟೇಷನ್ನಿನ ಗೋಡೆಯ ಹತ್ತಿರ ಬಂದಾಗ ಮರಗಮ್ಮನ ಗುಡಿಸಲೇ ಇರಲಿಲ್ಲ. ನೀಲಿ ತಾಡಪತ್ರಿ ಕಟ್ಟಿದ್ದ ಜಾಗದಲ್ಲಿ ಒಲೆಯ ಕಲ್ಲುಗಳು, ಒಡೆದ ಬಕೆಟ್ಟು, ಲಾರಿ ಚಕ್ರದ ಗುರುತು ಮಾತ್ರ ಉಳಿದಿದ್ದವು.

"ನಿನ್ನೆ ಮಧ್ಯಾಹ್ನ ಮುನ್ಸಿಪಾಲ್ಟಿ ಗಾಡಿ ಬಂತು ಅಕ್ಕ," ಎಂದಳು ಪಕ್ಕದಲ್ಲಿ ಸೊಪ್ಪು ಮಾರುವ ಕಾರ್ಕಳದ ಬಾಗಿ. "ಎಲ್ಲ ಕಿತ್ತು ಹಾಕಿದ್ರು. ಮರಗಮ್ಮ ಟಿಟ್ವಾಳಾಕ್ಕೆ ಹೋಗ್ತೇನೆ ಅಂದ್ಲು. ದೇವಸ್ಥಾನದ ಹತ್ರ ಕೂತ್ರೆ ಊಟಕ್ಕಾದ್ರೂ ಸಿಗ್ತದಂತೆ."

ಮುಕ್ತಾ ಮನೆಗೆ ಹಿಂತಿರುಗಲಿಲ್ಲ. ಟಿಕೆಟ್ ತೆಗೆದುಕೊಂಡು ಟಿಟ್ವಾಳಾ ಲೋಕಲ್ ಹತ್ತಿದಳು.

ಎರಡು ತಿಂಗಳ ಹಿಂದೆ, ೨೦೦೯ರ ಜನವರಿಯಲ್ಲಿ, ಅದೇ ಗೋಡೆಯ ಬದಿಯಲ್ಲಿ ಯಾರೋ ಕೆಮ್ಮಿ ಕೆಮ್ಮಿ ಕೊನೆಗೆ "ಯವ್ವಾ" ಎಂದದ್ದು ಕೇಳಿ ಅವಳು ನಿಂತಿದ್ದಳು. ಮರಗಮ್ಮ ರಾಯಚೂರಿನ ಕಡೆಯವಳು. ಗಂಡ ಕಳಂಬೋಲಿಯಲ್ಲಿ ಕಬ್ಬಿಣ ಇಳಿಸುತ್ತಿದ್ದವನು ಸತ್ತ ಮೇಲೆ ಬಾಡಿಗೆ ಖೋಲಿ ಹೋಯಿತು. ಏಳುತ್ತಿದ್ದ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತ ಊರೂರು ಬದಲಾಯಿಸಿ ಈ ಗೋಡೆಗೆ ಬಂದಿದ್ದಳು. ಮುಕ್ತಾ ಅವಳನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಕ್ಷಯ ಎಂದರು. ಆರು ತಿಂಗಳು, ವಾರಕ್ಕೆ ಮೂರು ದಿನ ಮಾತ್ರೆ. ಅರ್ಧಕ್ಕೆ ಬಿಟ್ಟರೆ ರೋಗ ಮೊದಲಿಗಿಂತ ಹಟಮಾರಿಯಾಗುತ್ತದೆ, ಕಣ್ಣೆದುರೇ ನುಂಗಿಸುವವರು ಯಾರಾದರೂ ಬೇಕು ಎಂದು ನರ್ಸ್ ಕೇಳಿದಾಗ ಮುಕ್ತಾ ಹಿಂದೆ ಮುಂದೆ ನೋಡದೆ ತನ್ನ ಹೆಸರು ಬರೆಸಿದ್ದಳು. ಗಂಡ ಹಯಗ್ರೀವ ಎರಡು ದಿನ ಮಾತು ಬಿಟ್ಟಿದ್ದ. ಬಿಲ್ಡಿಂಗಿನ ಸೆಕ್ರೆಟರಿ ಸಂಕರ್ಷಣ ಮಾತ್ರ ನೇರವಾಗಿಯೇ ಹೇಳಿದ್ದ: "ಆ ಹೆಂಗಸು ನಮ್ಮ ಗೇಟಿನ ಒಳಗೆ ಬರುವುದು ಬೇಡ, ಮುಕ್ತಕ್ಕ." ಹಾಗಾಗಿ ಮುಕ್ತಾಳೇ ಗೋಡೆಯ ತನಕ ಹೋಗುತ್ತಿದ್ದಳು. ಒಂದು ಸಲವೂ ತಪ್ಪಿರಲಿಲ್ಲ.

ಟಿಟ್ವಾಳಾದಲ್ಲಿ ಗಣಪತಿ ದೇವಸ್ಥಾನದ ದಾರಿಯುದ್ದಕ್ಕೂ ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಡೆದಳು. ಹೂವಿನ ಅಂಗಡಿಗಳು ಮುಗಿದರೂ ಮರಗಮ್ಮ ಸಿಗಲಿಲ್ಲ. ಬಿಸಿಲೇರಿತು. ಒಬ್ಬಾತ ಇವಳು ದಾನ ಕೊಡಲು ಬಂದವಳೆಂದು ತಿಳಿದು ಸೆರಗು ಹಿಡಿದೆಳೆದ. ಎರಡನೆಯ ಸುತ್ತಿನಲ್ಲಿ ಕೆರೆಯ ಮೆಟ್ಟಿಲ ಮೇಲೆ, ಗೋಣಿಚೀಲದ ಗಂಟಿಗೆ ಒರಗಿ ಕಣ್ಣು ಮುಚ್ಚಿದ್ದ ಮರಗಮ್ಮ ಕಂಡಳು.

"ಏಳು. ಮಾತ್ರೆ ತಗೊ."

ಮರಗಮ್ಮ ಕಣ್ಣು ಬಿಟ್ಟವಳು ತುಸು ಹೊತ್ತು ನಂಬಲಿಲ್ಲ. ಆಮೇಲೆ ತಲೆಯಾಡಿಸಿದಳು. "ಸಾಕ್ ಬಿಡ್ರಿ ಅಕ್ಕಾರ. ಮಲಗಾಕ ಜಾಗ ಇಲ್ಲದಾಕಿಗಿ ಔಷಧ ಯಾಕ್ ಬೇಕ್ರಿ? ನಾಳಿ ಇಲ್ಲಿಂದನೂ ಎಬ್ಬಸ್ತಾರ. ನೀವು ಎಲ್ಲೆಲ್ಲಿ ಹುಡುಕ್ಕೋತ ಬರ್ತೀರಿ?"

"ಎಲ್ಲಿದ್ದರೂ ಬರ್ತೇನೆ. ಇನ್ನು ನಾಲ್ಕು ತಿಂಗಳು ಉಂಟು. ಬಾಯಿ ತೆಗಿ."

ಮರಗಮ್ಮ ಮಾತ್ರೆ ನುಂಗಿದಳು. ಮುಕ್ತಾ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತಳು. ಬಂದ ಕೆಲಸ ಆಗಿತ್ತು, ಎದ್ದು ಹೋಗಬಹುದಿತ್ತು. ಶುಕ್ರವಾರ ಮತ್ತೆ ಬರಬಹುದಿತ್ತು, ಸೋಮವಾರವೂ. ಆದರೆ ಅಷ್ಟರಲ್ಲಿ ಇವಳನ್ನು ಇಲ್ಲಿಂದಲೂ ಎಬ್ಬಿಸಿರುತ್ತಾರೆ ಎಂಬುದು ಅವಳಿಗೂ ಗೊತ್ತಿತ್ತು. ಅವಳು ಗಂಡನಿಗೆ ಫೋನ್ ಮಾಡಿದಳು.

"ಕೆಳಗಿನ ನಮ್ಮ ಗಾಳಾ ಖಾಲಿ ಉಂಟಲ್ಲ, ಅದರ ಬೀಗದ ಕೈ ತೆಗೆದಿಡಿ."

ಬಿಲ್ಡಿಂಗಿನ ನೆಲಮಹಡಿಯ ಆ ಪುಟ್ಟ ಅಂಗಡಿ ಕೋಣೆ ಮುಕ್ತಾಳ ಹೆಸರಿನಲ್ಲೇ ಇತ್ತು. ಟೈಲರ್ ಬಿಟ್ಟುಹೋಗಿ ತಿಂಗಳಾಗಿತ್ತು.

"ನಿನಗೆ ಮರ್ಲಾ, ಹುಚ್ಚಾ?" ಹಯಗ್ರೀವ ತನ್ನ ಹೋಟೆಲಿನ ಗಲಾಟೆಯ ನಡುವೆ ಕೂಗಿದ. "ಮೊಬೈಲ್ ಅಂಗಡಿಯವನಿಗೆ ಮಾತು ಕೊಟ್ಟಾಗಿದೆ."

"ನಾಲ್ಕು ತಿಂಗಳು ಕಾಯಲಿಕ್ಕೆ ಹೇಳಿ. ಆಗದಿದ್ದರೆ ಬೇರೆ ಕಡೆ ನೋಡಲಿ."

"ಬಿಲ್ಡಿಂಗಿನವರು ಸುಮ್ಮನಿರ್ತಾರಾ?"

"ಇರಲಿಕ್ಕಿಲ್ಲ. ನಾನೂ ಸುಮ್ಮನಿರುವುದಿಲ್ಲ."

ಫೋನ್ ಕಟ್ ಆಯಿತು.

ಮರಗಮ್ಮನನ್ನು ಒಪ್ಪಿಸಲು ಇನ್ನೂ ಹೊತ್ತು ಹಿಡಿಯಿತು. ಯಾರದೋ ಹಂಗಿನಲ್ಲಿರಲಾರೆ ಎಂದಳು. "ಹಂಗು ಎಂತದ್ದು? ನಿನ್ನಂಥವರು ಇಟ್ಟಿಗೆ ಹೊತ್ತು ಕಟ್ಟಿದ ಮನೆಯಲ್ಲಿ ನಾನು ಇಪ್ಪತ್ತು ವರ್ಷದಿಂದ ಇದ್ದೇನೆ" ಎಂದಳು ಮುಕ್ತಾ. ಮರಗಮ್ಮ ಗಂಟನ್ನು ಕೈಗೆತ್ತಿಕೊಂಡಳು. ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಎದುರಿನ ಸೀಟಿನವರು ಮೂಗಿಗೆ ಸೆರಗು ಹಿಡಿದು ಆಚೆ ಸರಿದರು. ಮುಕ್ತಾ ಮರಗಮ್ಮನಿಗೆ ಇನ್ನಷ್ಟು ಒತ್ತಿ ಕುಳಿತಳು.

ಗೇಟಿನಲ್ಲಿ ಸಂಕರ್ಷಣ ಕಾದಿದ್ದ. ಸುದ್ದಿ ಆಗಲೇ ಮುಟ್ಟಿತ್ತು.

"ಮುಕ್ತಕ್ಕ, ಇಲ್ಲಿ ಸಣ್ಣ ಮಕ್ಕಳಿದ್ದಾರೆ."

"ಹೋದ ವಾರದ ಕಫದ ರಿಪೋರ್ಟ್ ಚೊಕ್ಕ ಬಂದಿದೆ. ಇನ್ನು ಹರಡುವುದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಬೇಕಾದರೆ ನಾಳೆ ನನ್ನ ಜೊತೆ ಬಾ, ನೀನೇ ಕೇಳು. ಮಾತ್ರೆ ತಪ್ಪಿದರೆ ಮಾತ್ರ ಹೆದರಬೇಕು."

"ಕಮಿಟಿ ಒಪ್ಪುವುದಿಲ್ಲ ಅಕ್ಕ."

"ಮೀಟಿಂಗ್ ಕರಿ. ಬರ್ತೇನೆ. ಈಗ ದಾರಿ ಬಿಡು ಮಾರಾಯ, ಅವಳಿಗೆ ನಿಲ್ಲಲಿಕ್ಕೆ ಆಗುವುದಿಲ್ಲ."

ಸಂಕರ್ಷಣ ಪೂರ್ತಿ ಸರಿಯಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ಅವನ ಪಕ್ಕದಿಂದ ಇಬ್ಬರೂ ಒಳಗೆ ಬಂದರು.

ಗಾಳಾದ ಶಟರ್ ಅರ್ಧ ಮೇಲೆದ್ದಿತ್ತು. ಒಳಗೆ ಹಯಗ್ರೀವ ಪಂಚೆ ಎತ್ತಿ ಕಟ್ಟಿ, ಟೈಲರ್ ಬಿಟ್ಟುಹೋದ ಬಟ್ಟೆ ಚೂರುಗಳನ್ನು ಗುಡಿಸುತ್ತಿದ್ದ. ಹೆಂಡತಿಯ ಮುಖ ನೋಡಲಿಲ್ಲ. "ಮೀಟಿಂಗಿನಲ್ಲಿ ನೀನೇ ಮಾತಾಡು, ನನಗೆ ಬರುವುದಿಲ್ಲ" ಎಂದಷ್ಟೇ ಹೇಳಿ, ಕಸ ತುಂಬಿಕೊಂಡು ಹೊರಗೆ ಹೋದ.

ಚಾಪೆ ಹಾಸಿ, ಹಂಡೆಗೆ ನೀರು ತುಂಬಿಸಿ ಮುಕ್ತಾ ಹೊರಟಾಗ ಸಂಜೆಯಾಗಿತ್ತು. ಮರಗಮ್ಮ ಬಾಗಿಲ ಬಳಿ ನಿಂತೇ ಇದ್ದಳು.

"ಅಕ್ಕಾರ, ಇದನ್ನ ಒಳಗಿಂದ ಹಾಕಾಕ ಬರ್ತೈತೇನ್ರಿ?"

ಮುಕ್ತಾ ಶಟರ್ ಎಳೆದು, ಒಳಗಿನ ಚಿಲಕ ಹೇಗೆ ಜಾರಿಸಬೇಕೆಂದು ತೋರಿಸಿಕೊಟ್ಟಳು. ಮತ್ತೆ ಹೊರಗೆ ಬಂದು ನಿಂತಳು. ಶಟರ್ ಕೆಳಗಿಳಿಯಿತು. ಚಿಲಕ ಬಿದ್ದ ಸದ್ದು ಕೇಳಿತು. ತುಸು ಹೊತ್ತಿಗೆ ತೆಗೆದ ಸದ್ದು. ಮತ್ತೆ ಹಾಕಿದ ಸದ್ದು.