ಮುಂದಿನ ಚಕ್ರ ಎತ್ತಿ ನೋಡು

ಸೈಕಲ್ಲಿನ ಮುಂದಿನ ಚಕ್ರವನ್ನು ನೆಲದಿಂದ ಗೇಣಷ್ಟು ಎತ್ತಿ ಹಿಡಿದರೆ, ಹ್ಯಾಂಡಲ್ ತಾನಾಗಿಯೇ ಒಂದು ಪಕ್ಕಕ್ಕೆ ಹೊರಳಬೇಕು. ಕರೆದಾಗ ಹಸು ಕತ್ತು ತಿರುಗಿಸುವ ಹಾಗೆ. ಇಂದಿಗೂ ಯಾರ ಮನೆಯ ಮುಂದೆ ಸೈಕಲ್ ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ, ಎತ್ತಿ ನೋಡುತ್ತೇನೆ. ಜನ ನಗುತ್ತಾರೆ. ನಗಲಿ. ಆ ವರ್ಷ ನಾನು ಪಟ್ಟ ಭಯ ಅವರಿಗೆ ಗೊತ್ತಿಲ್ಲ.

ನಮ್ಮ ಮನೆಯಿಂದ ಶಾಲೆಗೆ ಕೆರೆ ಏರಿಯ ಮೇಲೆ ಹೋಗಬೇಕಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಕಡಿದಾದ ಇಳಿಜಾರು, ನಡುವೆ ಒಂದು ಗಾಡಿ ಹೋಗುವಷ್ಟು ದಾರಿ. ಆ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದೆ, ತಂಗಿ ಸುಗುಣ ಅಲ್ಲೇ ಓದುತ್ತಿದ್ದಳು. ಚಿಕ್ಕಂದಿನ ಜ್ವರದಲ್ಲಿ ಅವಳ ಕಾಲು ಸೊರಗಿತ್ತು, ಅಷ್ಟು ದೂರ ನಡೆಯಲಾರಳು. ದಿನವೂ ಕ್ಯಾರಿಯರ್ ಮೇಲೆ ಕೂತು ನನ್ನ ಸೊಂಟ ತಬ್ಬಿಕೊಂಡು ಬರುತ್ತಿದ್ದಳು. ಸೈಕಲ್ ಅಪ್ಪನದು. ಅದೇ ಏರಿಯ ಮೇಲೆ ಅದೇ ಸೈಕಲ್ಲಿನಿಂದ ಬಿದ್ದು ಅಮ್ಮ ನೀರುಪಾಲಾಗಿದ್ದಳು. ಆಮೇಲೆ ಅಪ್ಪ ಅದನ್ನು ಹತ್ತಲೂ ಇಲ್ಲ, ಮಾರಲೂ ಇಲ್ಲ. ನನಗೆ ಕೆಲಸ ಸಿಕ್ಕ ಮೇಲೆ ಬೇರೆ ದಾರಿ ಕಾಣದೆ ಹಿತ್ತಲ ಕೋಣೆಯಿಂದ ಅದನ್ನು ಈಚೆಗೆ ತಂದು ಕೊಟ್ಟ.

ಮೊದಮೊದಲು ಸೈಕಲ್ ಚೆನ್ನಾಗಿಯೇ ಓಡಿತು. ಬರಬರುತ್ತಾ ಹ್ಯಾಂಡಲ್ ನನ್ನ ಮಾತು ಕೇಳುವುದನ್ನು ಬಿಟ್ಟಿತು. ನೇರಕ್ಕೆ ಬಂದರೆ ಸಾಕು, ಯಾವುದೋ ಗುಳಿಯಲ್ಲಿ ಕೂತಂತೆ ಕಚ್ಚಿಕೊಳ್ಳುತ್ತಿತ್ತು. ಸ್ವಲ್ಪವೇ ತಿರುಗಿಸಹೋದರೆ ಅಲುಗುತ್ತಿರಲಿಲ್ಲ. ಜೋರು ಮಾಡಿದರೆ ಕಟ್ ಎಂದು ಕಳಚಿಕೊಂಡು ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತಿತ್ತು. ಗಾಡಿ ಕುಡಿದವರ ಹಾಗೆ ಅತ್ತಿತ್ತ ತೂರಾಡುತ್ತಾ ನೀರಿನ ಕಡೆಗೆ ವಾಲುವಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಅಪ್ಪನಿಗೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಹ್ಯಾಂಡಲ್ ಅಲ್ಲಾಡುತ್ತದೆಯೇ ಎಂದು ಕೇಳಿದ. ಅಲ್ಲಾಡುವುದಿಲ್ಲ, ಬಂಡೆಯ ಹಾಗೆ ಇದೆ ಎಂದೆ. ಹಾಗಾದರೆ ಭಯವಿಲ್ಲ ಎಂದು ಎದ್ದು ಹೋದ. ಪಕ್ಕದ ಮನೆಯ ಪುಟ್ಟನಂಜಮ್ಮನ ಹತ್ತಿರ ಬಾಯಿ ಬಿಟ್ಟದ್ದೇ ತಪ್ಪಾಯಿತು. ಆಕೆ ದನಿ ತಗ್ಗಿಸಿ, "ನಿಮ್ಮವ್ವ ಎಳೀತಾವ್ಳೆ ಕಣವ್ವ. ನೀರು ಸೇರ್ದೋರ್ಗೆ ಒಬ್ರೇ ಇರಕ್ಕಾಗಕಿಲ್ಲ," ಎಂದಳು. ಪಾಠ ಹೇಳುವ ನಾನು ಇಂಥದ್ದನ್ನು ನಂಬಬಾರದು. ಆದರೆ ಬೆನ್ನಿಗೆ ತಂಗಿಯ ಕೆನ್ನೆ ಒತ್ತಿಕೊಂಡಿರುವಾಗ, ಕೈಯಲ್ಲಿದ್ದ ಕಬ್ಬಿಣ ತಾನಾಗಿ ನೀರಿನತ್ತ ಹೊರಟಾಗ, ನಂಬದೆ ಇರುವುದು ಹೇಗೆ? ನಂಬಿದೆ. ಏರಿ ಹತ್ತುವಾಗಲೆಲ್ಲ ಮನಸ್ಸಿನಲ್ಲೇ ಅಮ್ಮನನ್ನು ಬೇಡಿಕೊಳ್ಳುತ್ತಿದ್ದೆ: ನನ್ನನ್ನು ಬೇಕಾದರೆ ಕರೆದುಕೊ, ಇವಳನ್ನು ಬಿಡು.

ಒಂದು ಸಂಜೆ ಶಾಲೆಯಿಂದ ಬರುವಾಗ ಎದುರಿಗೆ ಎಮ್ಮೆಯೊಂದು ಬಂತು. ಬೆರಳಗಲ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಹ್ಯಾಂಡಲ್ ಕಚ್ಚಿಕೊಂಡಿತು. ಮೈಯ ಬಲವನ್ನೆಲ್ಲ ಹಾಕಿ ತಿರುಗಿಸಿದೆ. ಕಳಚಿಕೊಂಡು ಒಮ್ಮೆಲೇ ಕೆರೆಯ ಕಡೆ ತಿರುಗಿತು. ಎರಡೂ ಕಾಲು ಊರಿ ಉಜ್ಜಿಕೊಂಡು ನಿಲ್ಲಿಸುವ ಹೊತ್ತಿಗೆ ಮುಂದಿನ ಚಕ್ರ ಅಂಚು ದಾಟಿ ನೀರಿನ ಮೇಲೆ ಗಾಳಿಯಲ್ಲಿತ್ತು. ಸುಗುಣ ನನ್ನ ಸೊಂಟ ಬಿಡದೆಯೇ, "ಅಕ್ಕಾ, ನಾ ನಾಳೆಯಿಂದ ಸ್ಕೂಲಿಗೆ ಬರಲ್ಲ," ಎಂದಳು. ಅವಳನ್ನು ಕೂರಿಸಿ ತಳ್ಳಿಕೊಂಡೇ ಮನೆಗೆ ಬಂದೆ.

ಅಪ್ಪನದು ವಾದ್ಯ ಬಿಗಿಯುವ ಕಸುಬು. ಡೋಲು, ಮದ್ದಳೆ, ಬ್ಯಾಂಡಿನವರ ಡ್ರಮ್ಮು, ಎಲ್ಲವೂ ಅವನ ಕೈಗೆ ಬರುತ್ತಿದ್ದವು. ಅವನ ಲೆಕ್ಕದಲ್ಲಿ ಲೋಕದ ದೋಷವೆಲ್ಲ ಸಡಿಲದಿಂದಲೇ ಬರುವುದು. ಆ ಸಂಜೆ ಬ್ಯಾಂಡಿನವನೊಬ್ಬ ತನ್ನ ಸೈಕಲ್ಲನ್ನು ನಮ್ಮ ಗೋಡೆಗೆ ಒರಗಿಸಿ ಒಳಗೆ ಕೂತಿದ್ದ. ದಾರಿಗೆ ಅಡ್ಡವಾಗಿದ್ದ ಅದನ್ನು ಸರಿಸಲೆಂದು ಮುಂದುಗಡೆ ಎತ್ತಿದೆ. ಹ್ಯಾಂಡಲ್ ಮೆತ್ತಗೆ ಪಕ್ಕಕ್ಕೆ ಹೊರಳಿತು. ಏನೋ ಹೊಳೆದಂತಾಗಿ ನನ್ನದನ್ನೂ ಎತ್ತಿದೆ. ಅದು ಹೊರಳಲಿಲ್ಲ, ಹೆಣದ ಕತ್ತಿನ ಹಾಗೆ ಸೆಟೆದು ನೇರ ನೋಡುತ್ತಿತ್ತು. ಬೆರಳಲ್ಲಿ ತಳ್ಳಿದರೆ ತಳ್ಳಿದಲ್ಲೇ ನಿಂತಿತು, ನಡುವಿಗೆ ತಂದರೆ ಕಟ್ ಎಂದು ಕೂತಿತು. ಬಗ್ಗಿ ನೋಡಿದೆ. ಹ್ಯಾಂಡಲ್ಲಿನ ಬುಡದ ದೊಡ್ಡ ನಟ್ಟಿನ ಮೂಲೆಗಳು ಸವೆದು, ಹೊಸ ಗೀರುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಆ ಅಳತೆಯ ಸ್ಪ್ಯಾನರ್ ಇದ್ದದ್ದು ನಮ್ಮ ಮನೆಯಲ್ಲಿ ಅಪ್ಪನ ಚೀಲದಲ್ಲಿ ಮಾತ್ರ.

ಬ್ಯಾಂಡಿನವನು ಹೋದ ಮೇಲೆ ಅಪ್ಪನನ್ನು ಕರೆದು ನಟ್ಟು ತೋರಿಸಿದೆ.

"ದಿನಾ ಬೆಳಿಗ್ಗೆ ನೀವು ಏಳೋಕೆ ಮುಂಚೆ ಬಿಗಿ ಮಾಡ್ತಿದ್ದೆ," ಎಂದ. "ನಿಮ್ಮವ್ವನ್ನ ಕೂರಿಸ್ಕೊಂಡು ಹೊರಟ ದಿನ ಹ್ಯಾಂಡಲ್ಲು ಸಡಿಲ ಆಗಿತ್ತು. ಕೈಗೆ ಗೊತ್ತಾಯ್ತು. ಬಂದು ಬಿಗಿದ್ರಾಯ್ತು ಅಂತ ಹಂಗೇ ಹೊರಟೆ."

ಅಮ್ಮ ಬಿದ್ದದ್ದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಅಮ್ಮ ನಮ್ಮನ್ನು ಎಳೆದಿರಲಿಲ್ಲ. ಅಪ್ಪನ ಹೆದರಿಕೆಯೇ ನಮ್ಮನ್ನು ನೀರಿನ ಅಂಚಿಗೆ ತಂದು ನಿಲ್ಲಿಸಿತ್ತು.

ಮರುದಿನ ಅಂಗಳದಲ್ಲಿ ಕೂತು ಇಬ್ಬರೂ ಅದನ್ನು ಬಿಚ್ಚಿದೆವು. ಗ್ರೀಸ್ ಒಣಗಿ ತುಕ್ಕಿನ ಪುಡಿಯಾಗಿತ್ತು, ಒಳಗಿನ ಬೇರಿಂಗ್ ಗುಂಡುಗಳಲ್ಲಿ ಕೆಲವು ಒಡೆದಿದ್ದವು. ಗುಂಡುಗಳು ಕೂರುವ ಬಟ್ಟಲನ್ನು ಒರೆಸಿದಾಗ ಒಳಸುತ್ತಿನಲ್ಲಿ ಸಣ್ಣ ಗುಳಿಗಳ ಸಾಲು ಕಂಡಿತು. ಬಿಗಿದು ಬಿಗಿದು ಗುಂಡುಗಳು ಕೂತ ಕಡೆಯೇ ಕುಳಿ ತೋಡಿದ್ದವು, ನೇರಕ್ಕೆ ಬಂದಾಗಲೆಲ್ಲ ಅದರೊಳಗೆ ಬೀಳುತ್ತಿದ್ದವು. ಅಪ್ಪ ಒಂದೊಂದು ಗುಳಿಯನ್ನೂ ಉಗುರಿನಿಂದ ಮುಟ್ಟಿ ನೋಡಿದ. ಇದು ರಿಪೇರಿಯಾಗುವ ಸಂಗತಿಯಲ್ಲ. ಅಂಗಡಿಯಿಂದ ಹೊಸ ಬಟ್ಟಲು, ಹೊಸ ಗುಂಡು ತಂದು, ಗ್ರೀಸ್ ತುಂಬಿ ಕೂರಿಸಿದೆವು.

ಅಪ್ಪ ಸ್ಪ್ಯಾನರ್ ಹಿಡಿದ. ಕೈ ರೂಢಿಯ ಮೇಲೆ ಬಿಗಿಯುತ್ತಲೇ ಹೋಯಿತು. "ಅಪ್ಪಾ, ಡೋಲಿಗೂ ಹಿಂಗೇ ಬಿಗೀತೀಯಾ?" ಎಂದೆ.

ಕೈ ನಿಂತಿತು. "ಹಿಂಗ್ ಬಿಗಿದ್ರೆ ಚರ್ಮ ಹರ್ದೋಯ್ತದೆ," ಎಂದು ಮೆಲ್ಲಗೆ ಹೇಳಿ, ತುಸು ಹಿಂದಕ್ಕೆ ಸಡಿಲಿಸಿದ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ ನೋಡಿದೆವು, ಎಲ್ಲೂ ಕಟಕಟ ಇಲ್ಲ. ಮೇಲಿನ ನಟ್ಟು ಕೂರಿಸಿದ ಮೇಲೆ ಚಕ್ರ ಎತ್ತಿದೆ. ಹ್ಯಾಂಡಲ್ ತಾನಾಗಿಯೇ ಪಕ್ಕಕ್ಕೆ ಹೊರಳಿತು. ಸುಗುಣ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು, ಆದರೆ ಹತ್ತಿರ ಬರಲಿಲ್ಲ.

"ಮೊದ್ಲು ನನ್ನ ಕೂರಿಸ್ಕೊಂಡು ಹೋಗು," ಎಂದ ಅಪ್ಪ. "ಆಮೇಲೆ ಸುಗುಣ ಕೂರಲಿ."

ಏರಿ ಹತ್ತಿದೆವು. ಅವನ ಬೆರಳುಗಳು ನನ್ನ ಪಕ್ಕೆಗೆ ಕಬ್ಬಿಣದ ಬಳೆಯ ಹಾಗೆ ಕಚ್ಚಿಕೊಂಡಿದ್ದವು. ನನಗೂ ಭಯವೇ. ಅಮ್ಮ ಬಿದ್ದ ಜಾಗದ ಕಲ್ಲಿನ ಹತ್ತಿರ ಬಂದಾಗ ಅವನ ಉಸಿರು ನಿಂತದ್ದು ನನ್ನ ಬೆನ್ನಿಗೇ ತಿಳಿಯಿತು. ಆ ಕಲ್ಲು ಹಿಂದಾಯಿತು. ಇನ್ನಷ್ಟು ದೂರ ಹೋದ ಮೇಲೆ ಅವನ ಒಂದು ಕೈ ಸಡಿಲವಾಯಿತು, ಆಮೇಲೆ ಇನ್ನೊಂದು. ನಾನು ಕೆಳಗೆ ನೋಡಿದೆ. ನೀರಿನಲ್ಲಿ ನಮ್ಮಿಬ್ಬರ ನೆರಳು ಜೊತೆಗೇ ಬರುತ್ತಿತ್ತು. ಹ್ಯಾಂಡಲ್ ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ಹೊರಳುತ್ತಾ ನೇರ ಹೋಗುತ್ತಿತ್ತು.