ಕಬ್ಬಿಣವಲ್ಲ, ಸೀಸ

ಸುದ್ದಗುಂಟೆಪಾಳ್ಯದ ಮೀನಂಗಡಿಯಲ್ಲಿ ನಿಂಗರಾಜ ಬೆಳಗ್ಗೆ ಬೆಳಗ್ಗೆಯೇ ಮರುವಾಯಿ ತೊಳೆಯುತ್ತಿದ್ದ. ಕರಾವಳಿಯಿಂದ ಬರುವ ಈ ಚಿಪ್ಪುಮೀನುಗಳನ್ನು ಉಪ್ಪುನೀರಲ್ಲಿ ನೆನೆಸಿಟ್ಟರೆ ಹೊಟ್ಟೆಯ ಮರಳನ್ನೆಲ್ಲ ಕಾರಿಬಿಡುತ್ತವೆ. ಆಮೇಲೆ ಅರ್ಧ ಕಿಲೋ ಮನೆಗೆ. ಹೆಂಡತಿ ಪ್ರಿಯಾಂಕಾಗೆ ಈಗ ಐದು ತಿಂಗಳು. ರಕ್ತ ಕಮ್ಮಿ, ಕಬ್ಬಿಣದ ಅಂಶ ಬೇಕು ಎಂದು ಡಾಕ್ಟರು ಹೇಳಿ ಎರಡು ತಿಂಗಳಾಯಿತು. ಅಂದಿನಿಂದ ದಿನ ಬಿಟ್ಟು ದಿನ ಅವಳಿಗೆ ಇದರದೇ ಸಾರು. ಮರುವಾಯಿಯಲ್ಲಿ ಕಬ್ಬಿಣ ಬೇಕಾದಷ್ಟಿದೆ ಎಂದು ಅಂಗಡಿ ಮಾಲೀಕ ಕಿಟ್ಟಿಯೇ ಹೇಳಿಕೊಟ್ಟಿದ್ದ.

ಅಷ್ಟರಲ್ಲಿ ಕಾತ್ಯಾಯಿನಿ ಮೇಡಂ ಬಂದರು. ಜೆ.ಪಿ. ನಗರದ ಲ್ಯಾಬೊಂದರಲ್ಲಿ ಆಹಾರ ಪರೀಕ್ಷೆ ಮಾಡುವವರು. ಹೋದ ವಾರ ಇಲ್ಲಿಂದಲೇ ಒಂದು ಕಿಲೋ ಒಯ್ದಿದ್ದರು, ತಿನ್ನುವುದಕ್ಕಲ್ಲ. ಇದರಲ್ಲಿ ಲೋಹ ಮಿತಿ ಮೀರಿದೆ, ಮಾರಬೇಡಿ ಎಂದರು.

ನಿಂಗರಾಜ ನಕ್ಕ. "ಲೋಹ ಇದ್ರ ಚಲೋನ ಅಲ್ರೀ ಮೇಡಂ? ಕಬ್ಬಿಣಾನೂ ಲೋಹಾನ ಅಲ್ಲೇನ್ರಿ?"

"ಇದು ಕಬ್ಬಿಣ ಅಲ್ಲ. ಸೀಸ. ಗಾಡಿ ಬ್ಯಾಟರಿಯೊಳಗೆ ಇರುತ್ತಲ್ಲ, ಅದು."

ತೊಳೆದರೆ ಹೋಗುತ್ತದಲ್ಲ ಎಂದ. ಮರಳು ಹೋಗುತ್ತದೆ, ಸೀಸ ಮಾಂಸದಲ್ಲೇ ಉಳಿಯುತ್ತದೆ, ಕುದಿಸಿದರೂ ಹೋಗದು ಎಂದರು. ಕಾರ್ಖಾನೆಯ ಹೊಲಸು ಬಿದ್ದ ನೀರನ್ನೇ ಈ ಜೀವ ದಿನವಿಡೀ ಸೋಸಿ ಬದುಕುತ್ತದಂತೆ.

"ಬಸುರಿಯರಿಗಂತೂ ಕೊಡಲೇಬಾರದು. ಮಗುವಿನ ಮಿದುಳಿಗೆ ಹೋಗುತ್ತೆ."

ನಿಂಗರಾಜ ತೊಳೆಯುವ ಜರಡಿಯನ್ನು ಕೆಳಗಿಟ್ಟ.

ಗಲ್ಲಾದ ಹಿಂದಿನಿಂದ ಕಿಟ್ಟಿ ಎದ್ದು ಬಂದ. "ಸಮುದ್ರದ ಕಡೆಯೋರು ತಲೆತಲಾಂತರದಿಂದ ತಿಂತಿಲ್ವಾ ಮೇಡಂ? ವಿಷ ಬಿಟ್ಟೋರನ್ನ ಹೋಗಿ ಕೇಳಿ. ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರ?"

"ಅವರನ್ನೂ ಕೇಳೋಣ. ಅಲ್ಲೀತನಕ ನೀವು ಮಾರ್ತಾನೇ ಇರ್ತೀರಾ?"

ಕಿಟ್ಟಿಯ ಮಾತಲ್ಲಿ ಅರ್ಧ ನಿಜವಿತ್ತು. ನೀರಿಗೆ ವಿಷ ಬಿಟ್ಟವನಿಗೆ ಈ ಓಣಿಯ ಹೆಸರೂ ಗೊತ್ತಿಲ್ಲ, ಅವನ ಮನೆಯ ತಟ್ಟೆಗೆ ಇದು ಬರುವುದೂ ಇಲ್ಲ. ಆದರೆ ತುತ್ತು ಕಲಸಿ, ಬೇಡವೆಂದಾಗಲೂ ಗದರಿಸಿ ಹೆಂಡತಿಯ ಬಾಯಿಗಿಟ್ಟದ್ದು ನಿಂಗರಾಜನ ಕೈ.

ಮರುವಾಯಿಯ ಬುಟ್ಟಿಯನ್ನು ಕಟ್ಟೆಯಿಂದ ಇಳಿಸಿ ಒಳಗೆ ತಳ್ಳಿದ. ವ್ಯಾಪಾರದ ಹೊತ್ತಲ್ಲಿ ಎದ್ದು ಹೋದರೆ ಮತ್ತೆ ಬರಬೇಡ ಎಂದು ಕಿಟ್ಟಿ ಕೂಗುತ್ತಿದ್ದರೂ ಮನೆಗೆ ಓಡಿದ.

ಪ್ರಿಯಾಂಕಾ ನಿಂತೇ ಎಲ್ಲ ಕೇಳಿಸಿಕೊಂಡಳು. ಇವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು, ಏನೂ ಆಗಿರದೆಯೂ ಇರಬಹುದು ಎಂದು ಅವನು ತೊದಲಿದ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದ ಮನೆಯತ್ತ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಪ್ರತಿ ಸಲ ಒಂದ ಬಟ್ಟಲ ಬಾಜೂ ಮನಿ ಜಯದೇವಿಗೂ ಕೊಟ್ಟೀನ್ರಿ. ಅಕಿಗೆ ಏಳು ತಿಂಗಳ."

ನಿಂಗರಾಜ ಹೊಸ್ತಿಲ ಮೇಲೆ ಕೂತ. ತಲೆಯ ಮೇಲೆ ಅವಳ ಕೈ ಬಿತ್ತು.

"ಏಳ್ರಿ. ಅಕಿನ್ನೂ ಕರ್ಕೊಂಡು ದವಾಖಾನಿಗೆ ಹೋಗೂಣು."

ಅವನು ಏಳುವಷ್ಟರಲ್ಲಿ ಪ್ರಿಯಾಂಕಾ ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದಳು.